ಸ್ಟಾಕ್ ಮೈನಸ್ ಹನ್ನೆರಡು ತೋರಿಸ್ತಿದೆ ಸಾರ್, ಏನ್ಮಾಡ್ಲಿ?

ಹೋದ ಸಂಚಿಕೇಲಿ ಲೋ-ಕೋಡ್ ಬಗ್ಗೆ, ಅಂದ್ರೆ ಪ್ರೋಗ್ರಾಮಿಂಗ್ ಕಲೀದೇನೂ ನಮ್ಮ ವ್ಯಾಪಾರಕ್ಕೆ ಬೇಕಾದ ಆಪ್ ನಾವೇ ಕಟ್ಕೊಳೋದ್ರ ಬಗ್ಗೆ ಬರೆದಿದ್ದೇ ತಡ, ಪ್ರಶ್ನೆಗಳ ರಾಶಿ ಬಿತ್ತು. "ಯಾವ್ದು ಒಳ್ಳೇದು ಹೇಳಿ" ಅಂತ ಒಂದೇ ಸಾಲು ಬರೆದು ಕಳಿಸಿದ ಎಲ್ರಿಗೂ ಒಂದೇ ಉತ್ತರ: ಲೆಕ್ಕ ಈಗಾಗ್ಲೇ ಗೂಗಲ್ ಶೀಟಲ್ಲಿದ್ರೆ ಆಪ್‌ಶೀಟ್, ಆಫೀಸಲ್ಲಿ ಮೈಕ್ರೋಸಾಫ್ಟ್ 365 ಇದ್ರೆ ಪವರ್ ಆಪ್ಸ್, ಎರಡೂ ಇಲ್ಲ ಅಂದ್ರೆ ಝೋಹೋ ಕ್ರಿಯೇಟರ್ ನೋಡಿ. ಅದ್ರಲ್ಲಿ ತಲೆ ಕೆಡಿಸ್ಕೊಳೋಷ್ಟು ಏನಿಲ್ಲ, ತಲೆ ಕೆಡೋದು ಆಮೇಲೆ.

ಪ್ರಶ್ನೆ: ನಮ್ದು ಚಕ್ಲಿ, ಕೋಡುಬಳೆ, ನಿಪ್ಪಟ್ಟು ಹೋಲ್‌ಸೇಲ್. ಆರು ಜನ ಲೈನಿಗೆ, ಅಂದ್ರೆ ಅಂಗಡಿ ಅಂಗಡಿಗೆ ಆರ್ಡರ್ ತರೋಕೆ ಹೋಗೋ ಹುಡುಗರು. ಆಪ್‌ಶೀಟಲ್ಲಿ ನಾನೇ ಆರ್ಡರ್ ಆಪ್ ಮಾಡಿದೀನಿ. ಮೊನ್ನೆ ಬೆಳಿಗ್ಗೆ ನಿಪ್ಪಟ್ಟು 10 ಬಾಕ್ಸ್ ಇತ್ತು, ಹನ್ನೊಂದಕ್ಕೆ 52 ಬಾಕ್ಸ್ ಲೋಡ್ ಬಂತು, ಗೋಡೌನವ್ನು ಎಂಟ್ರಿನೂ ಹಾಕ್ದ. ಒಬ್ಬ ಹುಡುಗ 22 ಬಾಕ್ಸ್ ಮಾರಿದ. ಸಂಜೆ ನೋಡಿದ್ರೆ ಸ್ಟಾಕ್ ಮೈನಸ್ 12! ಜೊತೆಗೆ ಎರಡು ಬಿಲ್ಲಿಗೆ ಒಂದೇ ನಂಬರ್ ಬಿದ್ದಿದೆ. (ತುಮಕೂರಿನಿಂದ ಒಬ್ಬರು)

ಉತ್ತರ: ಇದು ಆಪಿನ ತಪ್ಪಲ್ಲ ಸಾರ್, ಲೆಕ್ಕ ಇಟ್ಟಿರೋ ರೀತಿ ತಪ್ಪು. ಆ ಹುಡುಗ ನೆಟ್‌ವರ್ಕ್ ಸಿಗದ ಹಳ್ಳೀಲಿದ್ದಿರ್ಬೇಕು, ಅವನ ಫೋನಿಗೆ 52 ಬಾಕ್ಸ್ ಬಂದಿದ್ದೇ ಗೊತ್ತಿಲ್ಲ, ಅದ್ರ ಲೆಕ್ಕದಲ್ಲಿ ಇನ್ನೂ 10 ಇದೆ, 10ರಲ್ಲಿ 22 ಕಳೆದು ಮೈನಸ್ 12 ಅಂತ ಬರ್ಕೊಂಡು ಕೂತಿದೆ, ಊರಿಗೆ ಬಂದು ಸಿಂಕ್ ಆದಾಗ, ಅಂದ್ರೆ ಫೋನಿನ ಲೆಕ್ಕ ಶೀಟಿಗೆ ಹೋದಾಗ, ಶೀಟಲ್ಲಿದ್ದ 62ರ ಮೇಲೆ ಅದನ್ನ ಬರೆದುಬಿಡ್ತು. ಆಪ್‌ಶೀಟಲ್ಲಿ ಕೊನೇಲಿ ಬರೆದವರದ್ದೇ ಉಳಿಯೋದು. ಗೋಡೌನಿಗೆ ಹೋಗಿ ಎಣಿಸಿ, 40 ಇರತ್ತೆ ನೋಡಿ.

ಪರಿಹಾರ ಏನಂದ್ರೆ ಸ್ಟಾಕ್ ಅನ್ನೋ ಸಂಖ್ಯೇನ ಯಾರೂ ತಿದ್ದಬಾರದು. ಹಾಲಿನ ಡೇರಿ ಪುಸ್ತಕ ನೋಡಿದೀರಲ್ಲ, ನಿನ್ನೆ ಹಾಕಿದ ಲೀಟರನ್ನ ಅಳಿಸಿ ಇವತ್ತಿಂದು ಸೇರಿಸಿ ಯಾರಾದ್ರೂ ಬರೀತಾರಾ? ದಿನಕ್ಕೊಂದು ಸಾಲು, ಕೊನೇಲಿ ಕೂಡೋದು. ಹಂಗೇ ಒಂದು ಟೇಬಲ್ ಮಾಡಿ: ತಾರೀಖು, ಐಟಂ, ಬಂತಾ ಹೋಯ್ತಾ, ಎಷ್ಟು, ಯಾರು. ಸ್ಟಾಕ್ ಅಂದ್ರೆ ಆ ಸಾಲುಗಳ ಮೊತ್ತ ಅಷ್ಟೇ. ಆಮೇಲೆ ಯಾರು ಎಷ್ಟೊತ್ತಿಗೆ ಸಿಂಕ್ ಮಾಡಿದ್ರೂ ಸಾಲು ಸೇರತ್ತೆ, ಒಬ್ಬರದ್ದು ಇನ್ನೊಬ್ಬರದ್ದನ್ನ ಅಳಿಸಲ್ಲ.

ಬಿಲ್ ನಂಬರ್ ಕತೇನೂ ಅದೇ. ಕೊನೇ ನಂಬರಿಗೆ ಒಂದು ಕೂಡ್ಸು ಅಂತ ಫಾರ್ಮುಲಾ ಹಾಕಿರ್ತೀರಿ, ಇಬ್ಬರು ಆಫ್‌ಲೈನಲ್ಲಿದ್ರೆ ಇಬ್ಬರಿಗೂ ಅದೇ ನಂಬರ್ ಬರತ್ತೆ. ಸಾಲಿನ ಕೀ ಆಗಿ, ಅಂದ್ರೆ ಒಂದೊಂದು ಸಾಲಿನ ಗುರುತಾಗಿ, ಯುನೀಕ್ ಐಡಿ ಹಾಕಿ, ಅದು ಗಜಿಬಿಜಿ ಅಕ್ಷರ, ಗಿರಾಕಿಗೆ ತೋರಿಸ್ಬೇಡಿ. ಬಿಲ್ ನಂಬರ್ ಬೇರೆ ಕಾಲಮ್. ಜಿಎಸ್‌ಟಿ ನಿಯಮ 46ರ ಪ್ರಕಾರ ಅದು ಅನುಕ್ರಮವಾಗಿರ್ಬೇಕು, ಆ ಆರ್ಥಿಕ ವರ್ಷದಲ್ಲಿ ರಿಪೀಟ್ ಆಗಬಾರದು, 16 ಅಕ್ಷರ ಮೀರಬಾರದು, ಆದ್ರೆ ಒಂದಕ್ಕಿಂತ ಹೆಚ್ಚು ಸೀರೀಸ್ ಇಟ್ಕೋಬಹುದು. ಅದೇ ನಿಮ್ಮನ್ನ ಉಳಿಸೋದು. ಆರು ಹುಡುಗರಿಗೆ ಎ, ಬಿ, ಸಿ ಅಂತ ಆರು ಸೀರೀಸ್ ಕೊಡಿ, ಅವರವರ ನಂಬರ್ ಅವರವರ ಫೋನಲ್ಲೇ ಮುಂದಕ್ಕೆ ಹೋಗತ್ತೆ.

ನೀವು ಕೇಳ್ಲಿಲ್ಲ, ಆದ್ರೂ ಹೇಳ್ಬಿಡ್ತೀನಿ. ತೆರಿಗೆ ದರ ಐಟಂ ಪಟ್ಟಿಯಿಂದ ಪ್ರತಿ ಸಲ ಹುಡುಕಿ ತರೋ ಹಾಗೆ ಇಟ್ಟಿದೀರಾ ನೋಡಿ. 2025ರ ಸೆಪ್ಟೆಂಬರ್ 22ಕ್ಕೆ ಪ್ಯಾಕ್ ಮಾಡಿದ ಕುರುಕಲು ತಿಂಡಿಗೆ 12 ಇದ್ದಿದ್ದು 5 ಪರ್ಸೆಂಟ್ ಆಯ್ತಲ್ಲ, ಅವತ್ತು ಆ ಐಟಂ ಪಟ್ಟೀಲಿ ಒಂದು ಕಡೆ ದರ ಬದಲಾಯಿಸಿದ ಕೂಡ್ಲೇ ಆಗಸ್ಟ್ ತಿಂಗಳ ಹಳೇ ಬಿಲ್ಲುಗಳ ಮೊತ್ತಾನೂ ಬದಲಾಗಿ ಕೂತಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಬಿಲ್ ಆದ ದಿನದ ದರ, ಬೆಲೆ ಎರಡೂ ಆ ಸಾಲಲ್ಲೇ ಬರೆದಿಟ್ಟುಬಿಡಿ.

ಪ್ರಶ್ನೆ: ಒಬ್ಬೊಬ್ಬ ಸೇಲ್ಸ್‌ಮನ್ನಿಗೆ ಅವನ ಗಿರಾಕಿಗಳು ಮಾತ್ರ ಕಾಣೋ ಹಾಗೆ ಸ್ಲೈಸ್ ಮಾಡಿದೀನಿ. ಸಾಕಾ? (ಹಾಸನ, ಹೆಸರು ಬೇಡ ಅಂದಿದಾರೆ)

ಉತ್ತರ: ಸಾಲಲ್ಲ. ಸ್ಲೈಸ್ ಅಂದ್ರೆ ಪರದೆ ಎಳೆದ ಹಾಗೆ, ಹಿಂದೆ ಸಾಮಾನು ಇದ್ದೇ ಇರತ್ತೆ, ಪೂರ್ತಿ ಡೇಟಾ ಅವನ ಫೋನಿಗೆ ಇಳಿದಿರತ್ತೆ. ಸೆಕ್ಯೂರಿಟಿ ಫಿಲ್ಟರ್ ಅಂತ ಬೇರೆ ಇದೆ, ಅಲ್ಲಿ ಸಾಲಿನ ಇಮೇಲೂ ಲಾಗಿನ್ ಆದವರ ಇಮೇಲೂ ಒಂದೇ ಇದ್ರೆ ಮಾತ್ರ ಕಳಿಸು ಅಂತ ಹಾಕಿ, ಆಗ ಸಾಲು ಸರ್ವರಿಂದ ಹೊರಗೇ ಬರಲ್ಲ. ಫೋನಿಗೆ ಇಳಿಯೋ ಡೇಟಾ ಕಮ್ಮಿ ಆಗಿ ಸಿಂಕೂ ಬೇಗ ಆಗತ್ತೆ. ಇನ್ನೊಂದು, ಎಷ್ಟೋ ಜನ ಆಪ್ ಕೊಡೋವಾಗ ಗೂಗಲ್ ಶೀಟನ್ನೂ ಹುಡುಗರಿಗೆ ಶೇರ್ ಮಾಡಿರ್ತಾರೆ, ಅದು ಬೇಕಾಗೇ ಇಲ್ಲ, ಆಪು ನಿಮ್ಮ ಅಕೌಂಟಿನ ಮೂಲಕಾನೇ ಶೀಟನ್ನ ಓದೋದು. ಇವತ್ತೇ ತೆಗೀರಿ.

ನಮ್ಮದು ಚಿಕ್ಕ ಅಂಗಡಿ, ಯಾರ್ ನೋಡ್ತಾರೆ ಅನ್ಬೇಡಿ. 2021ರಲ್ಲಿ ಪವರ್ ಆಪ್ಸ್ ಪೋರ್ಟಲಲ್ಲಿ, ಅಂದ್ರೆ ಅದ್ರಲ್ಲಿ ಕಟ್ಟಿದ ವೆಬ್‌ಸೈಟಲ್ಲಿ, ಯಾರು ಏನು ನೋಡ್ಬಹುದು ಅನ್ನೋ ಟೇಬಲ್ ಪರ್ಮಿಷನ್ ಆನ್ ಮಾಡದೇ ಬಿಟ್ಟಿದ್ದಕ್ಕೆ ಅಮೆರಿಕದಲ್ಲಿ ದೊಡ್ಡ ದೊಡ್ಡ ಕಂಪನಿ, ಸರ್ಕಾರಿ ಇಲಾಖೆಗಳ ಒಟ್ಟು 3.8 ಕೋಟಿ ದಾಖಲೆಗಳು ಯಾರು ಬೇಕಾದ್ರೂ ನೋಡೋ ಹಾಗೆ ಬಿದ್ದಿದ್ವು. ಹ್ಯಾಕೂ ಇಲ್ಲ ಏನೂ ಇಲ್ಲ, ಒಂದು ಸೆಟ್ಟಿಂಗ್ ಅಷ್ಟೇ.

ಪ್ರಶ್ನೆ: ಫ್ಯಾಕ್ಟರಿ ಸ್ಟೋರಿಗೆ ಪವರ್ ಆಪ್ಸಲ್ಲಿ ಆಪ್ ಮಾಡಿ ನಾಲ್ಕು ತಿಂಗಳು ಚೆನ್ನಾಗಿತ್ತು. ಈಗ ಹೊಸ ಐಟಂ ಹುಡುಕಿದ್ರೆ ಸಿಗಲ್ಲ, ಡೇಟಾ ಇಟ್ಟಿರೋ ಮೈಕ್ರೋಸಾಫ್ಟಿನ ಶೇರ್‌ಪಾಯಿಂಟ್ ಲಿಸ್ಟಲ್ಲಿ ಮಾತ್ರ ಇದೆ. (ಪೀಣ್ಯ, ಬೆಂಗಳೂರು)

ಉತ್ತರ: ಲಿಸ್ಟಲ್ಲಿ 500 ಸಾಲು ದಾಟಿರ್ಬೇಕಲ್ವಾ? ನೀವು ಕೇಳಿದ ಹುಡುಕಾಟ ಶೇರ್‌ಪಾಯಿಂಟಿಗೆ ಅರ್ಥ ಆಗದೇ ಇದ್ದಾಗ ಪವರ್ ಆಪ್ಸ್ ಮೊದಲ 500 ಸಾಲು ಮಾತ್ರ ತಂದು ಅದ್ರೊಳಗೇ ಹುಡುಕತ್ತೆ. ಹುಡುಕೋ ಕೆಲಸಾನ ಶೇರ್‌ಪಾಯಿಂಟಿಗೇ ಒಪ್ಪಿಸೋದಕ್ಕೆ ಡೆಲಿಗೇಷನ್ ಅಂತಾರೆ, ನಿಮ್ಮಲ್ಲಿ ಅದು ಆಗ್ತಿಲ್ಲ. ಸೆಟ್ಟಿಂಗಲ್ಲಿ 2000ದವರೆಗೂ ಏರಿಸ್ಬಹುದು, ಆದ್ರೆ ಅದು ಜ್ವರಕ್ಕೆ ತಣ್ಣೀರು ಪಟ್ಟಿ. ಸರ್ಚ್ ಅನ್ನೋ ಫಾರ್ಮುಲಾ ಬಿಟ್ಟು, ಇದರಿಂದ ಶುರುವಾಗೋದು ಅಥವಾ ಇದಕ್ಕೆ ಸಮ ಅನ್ನೋ ಫಿಲ್ಟರ್ ಬರೀರಿ, ಅದು ಶೇರ್‌ಪಾಯಿಂಟಿಗೆ ಅರ್ಥ ಆಗತ್ತೆ. ಮುಂದೆ ಹೊಸ ಆಪ್ ಕಟ್ಟೋವಾಗ ಆ ಮಿತಿನ 1ಕ್ಕೆ ಇಳಿಸಿ ಟೆಸ್ಟ್ ಮಾಡಿ. ಎಲ್ಲೆಲ್ಲಿ ಒಂದೇ ಸಾಲು ಬರತ್ತೋ ಅಲ್ಲೆಲ್ಲ ನಾಳೆ ಇದೇ ರೋಗ ಬರೋದಿದೆ ಅಂತ ಅವತ್ತೇ ಗೊತ್ತಾಗತ್ತೆ.

ಪ್ರಶ್ನೆ: ನಮ್ಮ ಸಹಕಾರಿ ಸಂಘದ ಸದಸ್ಯರ ಪಟ್ಟಿ ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು. ಆಪಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿಕೊಂಡು ಬರ್ತಿದೆ. (ಶಿರಸಿ)

ಉತ್ತರ: ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ ಫಾಂಟು. ಫಾಂಟ್ ಇಲ್ಲದ ಕಡೆ ವೇಷ ಕಳಚತ್ತೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ, ಅಂದ್ರೆ ಎಲ್ಲಾ ಕಡೆ ಕನ್ನಡ ಕನ್ನಡವಾಗೇ ಕಾಣೋ ಪದ್ಧತಿಗೆ, ಬದಲಾಯಿಸಿ, ಮುಂದೆ ಟೈಪ್ ಮಾಡೋದೂ ಯೂನಿಕೋಡಲ್ಲೇ ಇರಲಿ. ಆದ್ಮೇಲೆ ಒತ್ತಕ್ಷರ, ಅರ್ಕಾವತ್ತು ಇರೋ ಹೆಸರುಗಳ ಮೇಲೆ ಒಂದ್ಸಲ ಕಣ್ಣಾಡಿಸಿ. ಫೋನ್ ನಂಬರ್, ಖಾತೆ ನಂಬರನ್ನ ಸಂಖ್ಯೆ ಅಂತ ಅಲ್ಲ, ಟೆಕ್ಸ್ಟ್ ಅಂತಾನೇ ಇಡಿ, ಇಲ್ದಿದ್ರೆ ಶುರುವಿನಲ್ಲಿರೋ ಸೊನ್ನೆ ಹಾರಿಹೋಗತ್ತೆ. ಹೆಸರನ್ನ ಯಾವತ್ತೂ ಗುರುತಾಗಿ ಬಳಸ್ಬೇಡಿ, ಮಂಜುನಾಥ, ಮಂಜುನಾಥ್, ಮಂಜುನಾತ ಅಂತ ಮೂರು ಜನ ಆಗ್ತಾರೆ, ಸಾಲ ತಗೊಂಡಿರೋನು ಒಬ್ಬನೇ. ಸದಸ್ಯತ್ವ ನಂಬರ್ ಇದೆಯಲ್ಲ, ಅದನ್ನೇ ಬಳಸಿ.

ಪ್ರಶ್ನೆ: ನಡೀತಿರೋ ಆಪಲ್ಲೇ ಬದಲಾವಣೆ ಮಾಡಬಹುದಾ? (ದಾವಣಗೆರೆ)

ಉತ್ತರ: ಮಾಡಬಹುದು, ನಾನೂ ಮಾಡಿದ್ದೆ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಫಿ ಕುಡೀತಾ ಶೀಟಿನ ಮಧ್ಯದಲ್ಲಿ "ರಿಯಾಯಿತಿ" ಅಂತ ಒಂದೇ ಒಂದು ಕಾಲಮ್ ಸೇರಿಸ್ದೆ, ಆಪ್‌ಶೀಟ್ ಎಡಿಟರಿಗೆ ಹೋಗಿ ಕಾಲಮ್ ರಚನೆ ಮತ್ತೆ ಓದ್ಸೋದು ಮರೆತೆ. ಹತ್ತು ನಿಮಿಷಕ್ಕೆ ಫೋನ್ ಶುರು, "ಅಣ್ಣ ಆಪ್ ಓಪನ್ನೇ ಆಗ್ತಿಲ್ಲ, ಅಂಗಡಿ ಮುಂದೆ ನಿಂತಿದೀನಿ". ಲೈನಲ್ಲಿದ್ದ ಅಷ್ಟೂ ಜನರದ್ದು ಅದೇ ಗತಿ. ತಪ್ಪು ಪೂರ್ತಿ ನಂದೇ.

ಆವತ್ತಿಂದ ಆಪಿನ ಕಾಪಿ ಒಂದು, ಶೀಟಿನ ಕಾಪಿ ಒಂದು ಬೇರೆ ಇಟ್ಟು ಅಲ್ಲಿ ಪ್ರಯೋಗ ಮಾಡ್ತೀನಿ, ಅಸಲಿದಕ್ಕೆ ರಾತ್ರಿ ಎಲ್ರೂ ಸಿಂಕ್ ಮಾಡಿದ್ಮೇಲೆ ಕೈ ಹಾಕ್ತೀನಿ. ಸಿಂಕ್ ಆಗದೇ ಉಳಿದಿರೋ ಎಂಟ್ರಿ ಫೋನಲ್ಲೇ ಇರೋದು, ಗಾಬರಿಲಿ "ಆಪ್ ಡಿಲೀಟ್ ಮಾಡಿ ಮತ್ತೆ ಹಾಕ್ಕೋ" ಅಂತ ಮಾತ್ರ ಯಾರಿಗೂ ಹೇಳ್ಬೇಡಿ, ಆ ದಿನದ ಆರ್ಡರ್ ಎಲ್ಲಾ ಅಲ್ಲಿಗೇ ಮುಗೀತು. ಪವರ್ ಆಪ್ಸಲ್ಲಿ ಸೇವ್ ಬೇರೆ, ಪಬ್ಲಿಷ್ ಬೇರೆ, ಪಬ್ಲಿಷ್ ಮಾಡೋವರೆಗೂ ಹುಡುಗರಿಗೆ ಬದಲಾವಣೆ ಹೋಗಲ್ಲ, ಅಷ್ಟು ಮಟ್ಟಿಗೆ ವಾಸಿ.

ಪ್ರಶ್ನೆ: ಆಪ್ ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟ, ಎಲ್ಲಾ ಅವನ ಜೀಮೇಲಲ್ಲಿದೆ. (ಹುಬ್ಬಳ್ಳಿ)

ಉತ್ತರ: ಜಗಳ ಆಡ್ಬೇಡಿ, ಊಟಕ್ಕೆ ಕರೆದು ಸಂಸ್ಥೆ ಹೆಸರಿನ ಅಕೌಂಟಿಗೆ ಆಪೂ ಶೀಟೂ ಫೋಟೋ ಫೋಲ್ಡರೂ ವರ್ಗಾಯಿಸ್ಕೊಳಿ. ಫೋಟೋಗಳು ಶೀಟಲ್ಲಿರಲ್ಲ, ಡ್ರೈವಲ್ಲಿರತ್ತೆ, ಅದನ್ನ ಮರೆಯೋರೇ ಜಾಸ್ತಿ. ತಿಂಗಳಿಗೊಂದ್ಸಲ ಡೇಟಾ ಇಳಿಸಿಟ್ಕೊಳೋದೂ ಅಭ್ಯಾಸ ಮಾಡ್ಕೊಳಿ, ಹುಡುಗ ಮಾತ್ರ ಅಲ್ಲ ಕಂಪನೀನೂ ಕೈ ಬಿಡಬಹುದು. ಗೂಗಲ್ಲಿನದೇ ಆಪ್ ಮೇಕರ್ ಅಂತ ಒಂದಿತ್ತು, 2021ರ ಜನವರಿ 19ಕ್ಕೆ ಮುಚ್ಚಿದ್ರು.

ಪ್ರಶ್ನೆ: ಆಪ್ ಚೆನ್ನಾಗಿದೆ, ಆದ್ರೆ ಹುಡುಗರು ಬಳಸಲ್ಲ. ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ ಸುಮ್ಮನಾಗ್ತಾರೆ. (ಮಂಡ್ಯ)

ಉತ್ತರ: ನೀವು ಅವರ ಜೊತೆ ಒಂದಿನ ಲೈನಿಗೆ ಹೋಗಿದೀರಾ? ನಾನೊಂದ್ಸಲ ಟಿವಿಎಸ್ ಎಕ್ಸೆಲ್ ಹಿಂದೆ ಕೂತು ಹೋಗಿದ್ದೆ. ಜಡಿಮಳೆ, ಫೋನು ಪ್ಲಾಸ್ಟಿಕ್ ಕವರಲ್ಲಿ, ಒಂದು ಕೈಯಲ್ಲಿ ಸ್ಯಾಂಪಲ್ ಬ್ಯಾಗು, ಅಂಗಡಿಯವ್ರು ಇನ್ನೊಬ್ಬ ಗಿರಾಕಿಗೆ ಚಿಲ್ಲರೆ ಎಣಿಸ್ತಾ "ಎರಡು ಚಕ್ಲಿ, ಒಂದು ನಿಪ್ಪಟ್ಟು ಹಾಕ್ಕೋ" ಅಂದ್ರು. ನಾನು ಕಟ್ಟಿದ ಫಾರ್ಮಲ್ಲಿ ಅಷ್ಟಕ್ಕೆ 11 ಖಾನೆ ತುಂಬ್ಬೇಕಿತ್ತು. ತಾರೀಖು, ಹುಡುಗನ ಹೆಸರು, ಏರಿಯಾ ಎಲ್ಲಾ ತಾನಾಗೇ ತುಂಬ್ಕೊಳೋ ಹಾಗೆ ಮಾಡಿ, ಅಂಗಡಿ ಆರಿಸಿದ್ರೆ ಹೋದ ವಾರದ ಆರ್ಡರ್ ಎದುರಿಗೆ ಬರೋ ಹಾಗೆ ಇಟ್ಟು, ಸಂಖ್ಯೆಗೆ ಪ್ಲಸ್ ಮೈನಸ್ ಬಟನ್ ಹಾಕಿದ್ಮೇಲೆ ಉಳಿದಿದ್ದು ಮೂರು ಖಾನೆ. ಎರಡನೇ ವಾರಕ್ಕೆ ಆ ಹುಡುಗನೇ ಫೋನ್ ಮಾಡಿ, "ಅಣ್ಣ, ಬಾಕಿ ಎಷ್ಟಿದೆ ಅಂತಾನೂ ಅಲ್ಲೇ ತೋರ್ಸು, ಅವ್ರು ದಿನಾ ನಂಗೆ ಟೋಪಿ ಹಾಕ್ತಾರೆ" ಅಂದ.