ಓದುಗರ ಪ್ರಶ್ನೆ: ಅವರಿಗೆ ಕಳೆ, ನಮ್ಮ ದನಕ್ಕೆ ಮೇವು

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆ ಒಣಭೂಮಿ, ಬದುಗಳ ಮೇಲೆ ಅಂಜನ್ ಹುಲ್ಲು ಬೆಳೆಸಿ ದನಕ್ಕೆ ಹಾಕ್ತೀವಿ. ಮಗ ಅಮೆರಿಕದ ಅರಿಜೋನಾದಲ್ಲಿದ್ದಾನೆ, ಅಲ್ಲಿ ರಜೆ ದಿನ ಜನ ಗುಂಪು ಕಟ್ಕೊಂಡು ಹೋಗಿ ಇದೇ ಹುಲ್ಲನ್ನ ಬೆಟ್ಟದ ಮೇಲಿಂದ ಕಿತ್ತು ಹಾಕ್ತಾರಂತೆ. ಅಷ್ಟು ಒದ್ದಾಡೋ ಬದಲು ಪಾರ್ಥೇನಿಯಂಗೆ ಬಿಟ್ಟ ಹಾಗೆ ಒಂದು ಹುಳ ಬಿಡಬಾರದಾ?

ಉತ್ತರ: ಹುಲ್ಲು ಅದೇ, ಅಲ್ಲಿ ಬಫೆಲ್ ಗ್ರಾಸ್ ಅಂತಾರೆ. ಮೇವಿಗೆ, ಮಣ್ಣು ಕೊಚ್ಚಿ ಹೋಗದೆ ಇರೋಕೆ ಅಂತ 1930-40ರ ದಶಕಗಳಲ್ಲಿ ಅಲ್ಲಿನ ಸರ್ಕಾರದವರೇ ತರಿಸಿದ್ದು. ಅರಿಜೋನಾದ ಮರುಭೂಮಿಯಲ್ಲಿ ಮುಂಚೆ ಗಿಡ ಗಿಡದ ಮಧ್ಯೆ ಬರೀ ನೆಲ, ಬೆಂಕಿ ಬಿದ್ರೂ ಮುಂದಕ್ಕೆ ಹಬ್ಬೋಕೆ ಏನೂ ಇರ್ತಿರಲಿಲ್ಲ, ಈಗ ಆ ಜಾಗದ ತುಂಬ ಈ ಒಣಹುಲ್ಲು, ಹತ್ತಿಕೊಂಡ್ರೆ ಆಳೆತ್ತರ ದಾಟಿದ ಹಳೇ ಸಗ್ವಾರೊ ಕಳ್ಳಿಗಳೂ ಸತ್ತು ಹೋಗುತ್ವೆ, ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತೆ. 2005ರಲ್ಲಿ ಆ ರಾಜ್ಯ ಇದನ್ನ ಕಳೆ ಪಟ್ಟಿಗೆ ಸೇರಿಸ್ತು. ಕೀಳೋರ ಸಂಕಟ ನಿಜವಾದದ್ದೇ.

ಆದ್ರೆ ಗಡಿಯಾಚೆ ಮೆಕ್ಸಿಕೋದ ಸೊನೊರಾದಲ್ಲಿ ದನ ಸಾಕೋರು ಕಾಡು ತೆಗೆದು ಇದನ್ನೇ ಬಿತ್ತಿದ್ದಾರೆ, ದಕ್ಷಿಣ ಟೆಕ್ಸಾಸ್‌ನಲ್ಲೂ ಹಾಗೇ, ಅವರ ದನಗಳ ಹೊಟ್ಟೆ ತುಂಬೋದೇ ಇದರಿಂದ. ಬಿಟ್ಟ ಹುಳ ಅರಿಜೋನಾದಲ್ಲೇ ನಿಲ್ಲಲ್ಲ, ಒಮ್ಮೆ ನೆಲೆ ನಿಂತ ಮೇಲೆ ವಾಪಸ್ ಹಿಡಿಯೋಕೂ ಆಗಲ್ಲ. ಅದಕ್ಕೇ ಇದುವರೆಗೆ ಈ ಹುಲ್ಲಿನ ಮೇಲೆ ಹೊರಗಿಂದ ಹುಳ ತಂದು ಬಿಟ್ಟಿಲ್ಲ. ಇನ್ನೊಂದು ವಿಷಯ ಇದೆ ನೋಡಿ, ಈ ಹುಲ್ಲು ಹೆಚ್ಚಾಗಿ ಗಂಡಿನ ಅಂಶ ಬೆರೆಯದೆ ತಾಯಿಯ ನಕಲಾಗೇ ಬೀಜ ಕಟ್ಟುತ್ತೆ, ಅಂದ್ರೆ ಮೈಲಿಗಟ್ಟಲೆ ಬಿತ್ತಿದ್ರೂ ಒಂದೇ ತಳಿ, ಒಂದು ಬುಡಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತೆ. 1990ರ ದಶಕದಲ್ಲಿ ಟೆಕ್ಸಾಸ್, ಮೆಕ್ಸಿಕೋದಲ್ಲಿ ಎಲೆ ಒಣಗಿಸೋ ಒಂದು ಶಿಲೀಂಧ್ರ ಬಂದಾಗ ಹೀಗೇ ಆಯ್ತು. ಸೊನೊರಾದಲ್ಲಿ ಯಾರೂ ಬಿಡದೇನೇ ಮೊಸ್ಕಾ ಪಿಂತಾ ಅನ್ನೋ ಕೀಟದ ಕಾಟ ಬೇರೆ ಇದೆ, ಮಳೆಗಾಲದಲ್ಲಿ ಬುಡ ಬಿಡಿಸಿ ನೋಡಿದ್ರೆ ಉಗುಳಿನಂಥ ಬಿಳಿ ನೊರೆ, ಅದರೊಳಗೆ ಮರಿ ಕೂತು ರಸ ಹೀರ್ತಿರುತ್ತೆ, ದೊಡ್ಡದಾದ ಮೇಲೆ ಎಲೆ ಚುಚ್ಚಿ ಒಣಗಿಸುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ನಷ್ಟ ಆಗೋರನ್ನ ಮೊದಲು ಕೇಳಬೇಕು, ಆಮೇಲೆ ಹುಳದ ಮಾತು. ಆಸ್ಟ್ರೇಲಿಯಾದಲ್ಲಿ ಪ್ಯಾಟರ್ಸನ್ಸ್ ಕರ್ಸ್ ಅನ್ನೋ ನೇರಳೆ ಹೂವಿನ ಕಳೆಗಿಡದ ಮೇಲೆ ಕೀಟ ಬಿಡೋಕೆ ಹೊರಟಾಗ ಒಣ ಪ್ರದೇಶದ ದನ-ಕುರಿ ಸಾಕೋರು, ಜೇನು ಸಾಕೋರು ನಮ್ಮ ಮೇವು, ಜೇನಿನ ಹೂವು ಹೋಗುತ್ತೆ ಅಂತ 1980ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದ್ರು, ಅದಾದ ಮೇಲೇ 1984ರಲ್ಲಿ ಎರಡೂ ಕಡೆಯ ಲಾಭ-ನಷ್ಟ ವಿಚಾರಿಸಿ ತೀರ್ಮಾನ ಮಾಡೋಕೆ ಒಂದು ಕಾಯ್ದೆನೇ ಬಂತು. ವಿಚಾರಣೆ ಮುಗಿದು ಕೊನೆಗೆ ಕೀಟ ಬಿಟ್ರು ಅನ್ನೋದೂ ನಿಜ, ಆದ್ರೆ ಎಲ್ಲರ ಮಾತು ಕೇಳಿ ಬಿಟ್ರು.

ನಮಗೂ ಇದು ದೂರದ ಸುದ್ದಿ ಅಲ್ಲ. ಸಜ್ಜೆ, ನೇಪಿಯರ್ ಎರಡೂ ಅಂಜನ್ ಹುಲ್ಲಿಗೆ ಹತ್ತಿರದ ಸಂಬಂಧಿಗಳು, ಅಂಜನ್ ತಿನ್ನೋ ಹುಳ ಸಜ್ಜೆ ಮುಟ್ಟಲ್ಲ ಅಂತ ಖಾತ್ರಿ ಆಗದೆ ಯಾವ ದೇಶದಲ್ಲೂ ಬಿಡಬಾರದು.

ಪ್ರಶ್ನೆ: ಕೊಪ್ಪಳದಿಂದ. ಪಾರ್ಥೇನಿಯಂ ತಿನ್ನೋ ಹುಳ ತಂದು ಬಿಡೋಣ ಅಂತಿದ್ದೀನಿ, ಪಕ್ಕದಲ್ಲೇ ನೇಪಿಯರ್ ಇದೆ, ತಿಂದು ಹಾಕುತ್ತಾ?

ಉತ್ತರ: ಇಲ್ಲ. ಮೆಕ್ಸಿಕೋದಿಂದ ತರಿಸಿ ಪರೀಕ್ಷೆ ಮಾಡಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ದುಂಬಿ ಅದು, ಹುಲ್ಲಿನ ಜಾತಿಗೆ ಬಾಯಿ ಹಾಕಲ್ಲ. ಸೂರ್ಯಕಾಂತಿ ಮೇಲೆ ಕಂಡಿತು ಅಂತ ಒಮ್ಮೆ ದೊಡ್ಡ ಗಲಾಟೆ ಆಗಿತ್ತು, ಯಾಕಂದ್ರೆ ಪಾರ್ಥೇನಿಯಂ, ಸೂರ್ಯಕಾಂತಿ ಎರಡೂ ಒಂದೇ ಕುಟುಂಬ. ಹಾಗಾಗಿ ಪಕ್ಕದ ಹೊಲದಲ್ಲಿ ಸೂರ್ಯಕಾಂತಿ ಇದ್ರೆ ಅವರಿಗೊಂದು ಮಾತು ಹೇಳಿ. ಮಳೆ ಬಿದ್ದು ಗಿಡ ಎಳಸಾಗಿರುವಾಗಲೇ ಬಿಡಿ, ಒಣಗಾಲ ಬಂದ್ರೆ ದುಂಬಿ ಮಣ್ಣೊಳಗೆ ಸೇರ್ಕೊಳ್ಳುತ್ತೆ. ಬಿಟ್ಟ ಜಾಗದಲ್ಲಿ ಕೀಟನಾಶಕ ಹೊಡೀಬೇಡಿ.