ಆಟೋಕ್ಯಾಡ್‌ನಲ್ಲಿ ಡೈಮೆನ್ಷನ್ ನಂಬರ್ ಬದಲಾಯಿಸಿದರೂ ಗೋಡೆ ಯಾಕೆ ಹಾಗೇ ಇದೆ?

ಡಬಲ್ ಕ್ಲಿಕ್ ಮಾಡಿ 3000 ಇದ್ದಿದ್ದನ್ನು 3300 ಮಾಡಿದೆ, ಗೋಡೆ ಅಲುಗಲಿಲ್ಲ, ಈಗ ಗೋಡೆ ಎಳೆದರೂ ನಂಬರ್ 3300 ಅಂತಲೇ ಕೂತಿದೆ ಅಂದಿದ್ದೀರಿ. ಅಲುಗುವುದಿಲ್ಲ ಬಿಡಿ. ನಕ್ಷೆ ಬರೆಯುವ ಈ ಆಟೋಕ್ಯಾಡ್ ಸಾಫ್ಟ್‌ವೇರಿನಲ್ಲಿ ಮಾಮೂಲಿ ಡೈಮೆನ್ಷನ್ (ಅಳತೆ ತೋರಿಸುವ ಗುರುತು) ಅಂದರೆ ಗೆರೆಗೆ ಹಿಡಿದ ಟೇಪು ಇದ್ದ ಹಾಗೆ. ಟೇಪಿನ ಮೇಲೆ ಪೆನ್ನಿಂದ ಬೇರೆ ನಂಬರ್ ಬರೆದರೆ ಗೋಡೆ ಉದ್ದ ಆಗುತ್ತಾ? ಸಾಲಿಡ್‌ವರ್ಕ್ಸ್ ಅನ್ನೋ 3ಡಿ ಡಿಸೈನ್ ಸಾಫ್ಟ್‌ವೇರಿನ ಸ್ಕೆಚ್‌ನಲ್ಲಿ ನಂಬರ್ ಬದಲಾಯಿಸಿದರೆ ಗೆರೆಯೇ ಬದಲಾಗುತ್ತದೆ, ಅಲ್ಲಿ ಕಲಿತು ಬಂದವರಿಗೆ ಈ ಗೊಂದಲ ಜಾಸ್ತಿ.

ಮೊದಲು ನೀವು ಬರೆದ ನಂಬರ್ ತೆಗೆಯಿರಿ. ಡೈಮೆನ್ಷನ್ ಸೆಲೆಕ್ಟ್ ಮಾಡಿ, ಕಂಟ್ರೋಲ್ 1 ಒತ್ತಿ, ಟೆಕ್ಸ್ಟ್ ಭಾಗದಲ್ಲಿ 'ಟೆಕ್ಸ್ಟ್ ಓವರ್‌ರೈಡ್' ಅಂತ ಇರುತ್ತದೆ, ಅದನ್ನು ಖಾಲಿ ಮಾಡಿ. ಪಕ್ಕದಲ್ಲೇ 'ಮೆಷರ್‌ಮೆಂಟ್' ಅಂತ ನಿಜವಾದ ಅಳತೆ ಕಾಣುತ್ತದೆ. ಆಮೇಲೆ ಸ್ಟ್ರೆಚ್ ಕಮಾಂಡ್ ಕೊಟ್ಟು, ಬಲದಿಂದ ಎಡಕ್ಕೆ ವಿಂಡೋ ಎಳೆದು, ಗೋಡೆಯ ತುದಿ ಮತ್ತು ಡೈಮೆನ್ಷನ್ನಿನ ತುದಿ ಎರಡೂ ಒಳಗೆ ಬರುವ ಹಾಗೆ ಹಿಡಿದು 300 ಸರಿಸಿ. ನಂಬರ್ ತಾನಾಗೇ 3300 ಆಗುತ್ತದೆ. ಅಳತೆಯ ಜೊತೆಗೆ ಏನಾದರೂ ಬರೆಯಬೇಕಿದ್ದರೆ <> ಚಿಹ್ನೆ ಇಟ್ಟು ಪಕ್ಕದಲ್ಲಿ ಬರೆಯಿರಿ, '<> ಕ್ಲಿಯರ್' ಅಂತ. ಆ ಜಾಗದಲ್ಲಿ ನಿಜವಾದ ಅಳತೆಯೇ ಬರುತ್ತದೆ.

ನಾನೂ ಇದೇ ಕಳ್ಳದಾರಿ ಹಿಡಿದವನೇ. 30×40 ಸೈಟಿನ ಒಂದು ಮನೆ, ಸಂಜೆ ಆಗಿತ್ತು, ಅಡುಗೆಮನೆ 8 ಅಡಿ ಸಾಲದು ಎಂಟೂವರೆ ಮಾಡಿ ಅಂತ ಮನೆಯವರ ಫೋನ್ ಬಂತು, ನಾನು ಸುಮ್ನೆ ನಂಬರ್ ತಿದ್ದಿ ಪ್ರಿಂಟ್ ಕೊಟ್ಟೆ. ಸೈಟಿನಲ್ಲಿ ಮೇಸ್ತ್ರಿ ಕೂಡಿಸಿ ನೋಡಿದ್ದಾರೆ: 9 ಇಂಚಿನ ಹೊರಗೋಡೆ ಎರಡು, ನಡುವೆ ನಾಲ್ಕೂವರೆ ಇಂಚಿನ ಗೋಡೆ, ಹಾಲ್ 10 ಅಡಿ, ಅಡುಗೆಮನೆ ಎಂಟೂವರೆ, ಒಟ್ಟು 20 ಅಡಿ ನಾಲ್ಕೂವರೆ ಇಂಚು. ಹೊರಗಿನ ಅಳತೆ ಮಾತ್ರ 19 ಅಡಿ ಹತ್ತೂವರೆ ಇಂಚು. "ಸಾರ್, ಈ ಆರು ಇಂಚು ಎಲ್ಲಿ ಹಾಕ್ಲಿ?" ಅಂತ ಕೇಳಿದರು. ಪಾಯ ಆಗಲೇ ಹಾಕಿ ಆಗಿತ್ತು. ಕೊನೆಗೆ ಹಾಲಿನಿಂದ ಆರು ಇಂಚು ಕಿತ್ತುಕೊಂಡೆವು, ಮನೆಯವರ ಹತ್ತಿರ ಮಾತು ಕೇಳಿದ್ದು ನಾನು.

ಬೇರೆಯವರ ಡ್ರಾಯಿಂಗ್ ಬಂದು, ಎಷ್ಟು ಕಡೆ ಹೀಗೆ ತಿದ್ದಿದ್ದಾರೋ ಅಂತ ಅನುಮಾನ ಇದ್ದರೆ, ಎಕ್ಸ್‌ಪ್ರೆಸ್ ಟೂಲ್ಸ್ (ಆಟೋಕ್ಯಾಡ್‌ನ ಹೆಚ್ಚುವರಿ ಕಮಾಂಡ್‌ಗಳ ಕಟ್ಟು) ಇನ್‌ಸ್ಟಾಲ್ ಆಗಿದ್ದಲ್ಲಿ ಡಿಮ್‌ರೀಅಸೋಕ್ (DIMREASSOC) ಅನ್ನೋ ಕಮಾಂಡ್ ಇದೆ. ಡೈಮೆನ್ಷನ್ ಎಲ್ಲಾ ಸೆಲೆಕ್ಟ್ ಮಾಡಿ ಕೊಟ್ಟರೆ ಬರೆದಿದ್ದೆಲ್ಲ ಹೋಗಿ ಅಸಲಿ ಅಳತೆ ಬರುತ್ತದೆ. ಕಾಪಿ ಮೇಲೆ ಮಾಡಿ, ಮೂಲ ಫೈಲಿನ ಮೇಲೆ ಬೇಡ. ಡೈಮೆನ್ಷನ್ ಎಕ್ಸ್‌ಪ್ಲೋಡ್ ಮಾಡಿದ್ದರೆ ಮಾತ್ರ ಅದು ಬರೀ ಗೆರೆ, ಬರೀ ಅಕ್ಷರ; ಅಳಿಸಿ ಹೊಸದಾಗಿ ಹಾಕೋದೇ.

ಇಷ್ಟಾದರೂ ಗೋಡೆ ಸರಿಸಿದಾಗ ಡೈಮೆನ್ಷನ್ ಹಿಂದೆ ಬರದಿದ್ದರೆ ಡಿಮ್‌ಅಸೋಕ್ (DIMASSOC) ಅಂತ ಟೈಪ್ ಮಾಡಿ ನೋಡಿ, ಹೊಸ ಡೈಮೆನ್ಷನ್ ಗೆರೆಗೆ ಕಟ್ಟಿಕೊಳ್ಳಬೇಕಾ ಬೇಡವಾ ಅನ್ನೋ ಸೆಟ್ಟಿಂಗ್ ಅದು. 2 ಇರಬೇಕು. 1 ಇದ್ದರೆ 2 ಮಾಡಿ. ಅದು ಮುಂದೆ ಹಾಕುವುದಕ್ಕೆ ಮಾತ್ರ, ಹಳೆಯದನ್ನು ಡಿಮ್‌ರೀಅಸೋಸಿಯೇಟ್ (DIMREASSOCIATE, ಮೇಲಿನದಲ್ಲ, ಬೇರೆ ಕಮಾಂಡ್) ಕೊಟ್ಟು ಒಂದೊಂದಾಗಿ ಗೋಡೆಗೆ ಕಟ್ಟಬೇಕು.