‘ವೊಲಟೈಲ್ ಇದ್ದರೆ ಸಾಕು’: ಲೇಖಕರಿಗೆ ಸಂಪಾದಕರ ಉತ್ತರ

ಧಾರವಾಡ

ಮಾನ್ಯರೆ, ಸಪ್ರೇಮ ನಮಸ್ಕಾರ.

ಪ್ರೋಗ್ರಾಮಿನಲ್ಲಿ ‘ವೊಲಟೈಲ್’ ಎಂಬ ಪದ ಹಚ್ಚಿದರೆ ಸಾಧನದೊಡನೆ ಓದು-ಬರಹಗಳ ಕ್ರಮ ತಪ್ಪುವುದಿಲ್ಲ ಎಂದು ವಾದಿಸಿ ಹುಬ್ಬಳ್ಳಿಯಿಂದ ನೀವು ಕಳಿಸಿದ ‘ವೊಲಟೈಲ್ ಇದ್ದರೆ ಸಾಕು’ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ವಿಷಯ ನಮಗೆ ಬೇಕಾದದ್ದೇ. ಈ ಅವಳಿನಗರದ ಕಾಲೇಜುಗಳಲ್ಲಿ ಬೋರ್ಡು ಮುಂದಿಟ್ಟುಕೊಂಡು ಫರ್ಮ್‌ವೇರ್ (ಯಂತ್ರದೊಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಮು) ಬರೆಯುವ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಇಂಥ ಬರಹ ಸಿಗುವುದು ಅಪರೂಪ. ಆದ್ದರಿಂದಲೇ ತಪ್ಪು ತೀರ್ಮಾನವೊಂದು ಅಚ್ಚಾಗಿ ಅವರ ಕೈಸೇರುವುದು ನನಗೆ ಇಷ್ಟವಿಲ್ಲ.

ನೀವು ಹೇಳುವ ಪ್ರಸಂಗ ಇಷ್ಟು: ತಾರಿಹಾಳದ ಸಣ್ಣ ಘಟಕವೊಂದಕ್ಕೆ ನೀವು ಮಾಡಿಕೊಟ್ಟ ಕಾರ್ಟೆಕ್ಸ್-ಎಂ7 (ಆರ್ಮ್ ವಿನ್ಯಾಸದ ಪ್ರೊಸೆಸರು) ಬೋರ್ಡಿನಲ್ಲಿ ಪ್ರೋಗ್ರಾಮು ಮೊದಲು ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಯನ್ನು ನೇರವಾಗಿ ಓದಿ-ಬರೆಯುವ ವ್ಯವಸ್ಥೆ) ಡಿಸ್ಕ್ರಿಪ್ಟರನ್ನು, ಅಂದರೆ ಸಾಧನ ಏನು ಮಾಡಬೇಕೆಂಬ ವಿವರವನ್ನು, ಮೆಮೊರಿಯಲ್ಲಿ ತುಂಬಿ, ಆಮೇಲೆ ಕೆಲಸ ಶುರುಮಾಡಲು ಸಾಧನದ ರಿಜಿಸ್ಟರಿಗೆ (ಸಾಧನಕ್ಕೆ ಆಜ್ಞೆ ಕೊಡುವ ವಿಳಾಸಕ್ಕೆ) ಬರೆಯುತ್ತದೆ, ಸಾಧನ ಆಗಾಗ ಹಳೆಯ ಡಿಸ್ಕ್ರಿಪ್ಟರನ್ನೇ ಓದಿ ಹಳೆಯ ಮಾಹಿತಿಯನ್ನೇ ಕಳಿಸುತ್ತಿತ್ತು, ರಿಜಿಸ್ಟರಿಗೆ ವೊಲಟೈಲ್ ಹಚ್ಚಿ, ನಡುವೆ ಸುಮ್ಮನೆ ಸಮಯ ಕಳೆಯುವ ಒಂದು ಡಿಲೇ ಲೂಪ್ ಇಟ್ಟಾಗ ತೊಂದರೆ ನಿಂತಿತು. ಇಲ್ಲಿಯವರೆಗಿನ ನಿರೂಪಣೆ ಚೆನ್ನಾಗಿದೆ. ಇದರಿಂದ ನೀವು ಎಳೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ.

ವೊಲಟೈಲ್ ಎಂಬುದು ಕಂಪೈಲರಿಗೆ, ಅಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗಿಳಿಸುವ ತಂತ್ರಾಂಶಕ್ಕೆ, ಹಾಕಿದ ಕಟ್ಟಳೆ. ವೊಲಟೈಲ್ ಓದು-ಬರಹಗಳನ್ನು ಅದು ಕೈಬಿಡಬಾರದು, ಅವುಗಳ ಪರಸ್ಪರ ಕ್ರಮವನ್ನು ಕೆಡಿಸಬಾರದು, ಅಷ್ಟೇ. ನಿಮ್ಮ ಡಿಸ್ಕ್ರಿಪ್ಟರ್ ಸಾಮಾನ್ಯ ವೇರಿಯೇಬಲ್ ಆಗಿರುವುದರಿಂದ ಅದನ್ನು ತುಂಬುವ ಸಾಲನ್ನು ರಿಜಿಸ್ಟರಿನ ಬರಹದ ಆಚೆಗೆ ಒಯ್ಯಲು ಕಂಪೈಲರಿಗೆ ಅಡ್ಡಿಯಿಲ್ಲ. ಎರಡನ್ನೂ ವೊಲಟೈಲ್ ಮಾಡಿದಿರೆನ್ನಿ. ಆಗಲೂ ಪ್ರೊಸೆಸರು ಆ ಕಟ್ಟಳೆಗೆ ಒಳಪಟ್ಟದ್ದಲ್ಲ. ಆರ್ಮ್ ವಿನ್ಯಾಸದಲ್ಲಿ ರಿಜಿಸ್ಟರುಗಳ ವಿಳಾಸಗಳು ‘ಡಿವೈಸ್’ ಬಗೆಯ ಮೆಮೊರಿಗೆ ಸೇರಿರುತ್ತವೆ, ಡಿಸ್ಕ್ರಿಪ್ಟರ್ ಸಾಮಾನ್ಯವಾಗಿ ‘ನಾರ್ಮಲ್’ ಬಗೆಯದರಲ್ಲಿರುತ್ತದೆ. ಒಂದೇ ಸಾಧನದ ರಿಜಿಸ್ಟರುಗಳಿಗೆ ಹೋಗುವ ಬರಹಗಳು ಬರೆದ ಕ್ರಮದಲ್ಲೇ ತಲುಪುತ್ತವೆ ಎಂಬ ಭರವಸೆ ಇದೆ. ಈ ಎರಡು ಬಗೆಗಳ ನಡುವೆ ಅಂಥ ಭರವಸೆಯಿಲ್ಲ. ಅದನ್ನು ಕೇಳಿ ಪಡೆಯಲೆಂದೇ ಡಿಎಂಬಿ, ಡಿಎಸ್‌ಬಿ ಎಂಬ ಬ್ಯಾರಿಯರ್ ಇನ್‌ಸ್ಟ್ರಕ್ಷನ್‌ಗಳಿವೆ: ಮೊದಲನೆಯದು ಮೆಮೊರಿಯ ಓದು-ಬರಹಗಳ ಕ್ರಮವನ್ನಷ್ಟೇ ಕಾಯುತ್ತದೆ, ಎರಡನೆಯದು ಅವು ಪೂರ್ಣಗೊಳ್ಳುವವರೆಗೆ ಮುಂದಿನ ಇನ್‌ಸ್ಟ್ರಕ್ಷನ್‌ಗಳನ್ನೇ ತಡೆದು ನಿಲ್ಲಿಸುತ್ತದೆ. ಇನ್ನೊಂದು ಪ್ರೊಸೆಸರ್ ವಿನ್ಯಾಸವಾದ ರಿಸ್ಕ್-ಫೈವ್‌ನಲ್ಲಿ ಈ ಕ್ರಮ ಕಾಯಲು ಫೆನ್ಸ್ ಎಂಬ ಇನ್‌ಸ್ಟ್ರಕ್ಷನ್ ಇದೆ. ಲಿನಕ್ಸ್‌ನ ‘ರೈಟ್‌ಎಲ್’ (ರಿಜಿಸ್ಟರಿಗೆ ಬರೆಯುವ ಫಂಕ್ಷನ್) ಇಂಥ ಬ್ಯಾರಿಯರಿನ ಭರವಸೆಯನ್ನು ತನ್ನೊಳಗೇ ಇಟ್ಟುಕೊಂಡಿದೆ, ಅದರ ‘ರಿಲ್ಯಾಕ್ಸ್ಡ್’ ಜೋಡಿ ಇಟ್ಟುಕೊಂಡಿಲ್ಲ. ನೀವು ಎರಡನ್ನೂ ಒಂದೇ ಎಂಬಂತೆ ಉಲ್ಲೇಖಿಸಿದ್ದೀರಿ.

ಆದರೆ ನಿಮ್ಮ ಬೋರ್ಡಿನ ದೋಷಕ್ಕೆ ಬ್ಯಾರಿಯರ್ ಒಂದೇ ಮದ್ದಾಗಲಾರದು ಎಂಬುದು ನನ್ನ ಗುಮಾನಿ. ಎಂ7ನ ಡೇಟಾ ಕ್ಯಾಶ್‌ನಲ್ಲಿ (ಪ್ರೊಸೆಸರು ತನ್ನ ಬಳಿ ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ಜಾಗದಲ್ಲಿ) ಒಂದೊಂದು ಸಾಲು 32 ಬೈಟಿನದು. ಡಿಸ್ಕ್ರಿಪ್ಟರ್ ಕ್ಯಾಶ್‌ನಲ್ಲೇ ಉಳಿದು ಮೆಮೊರಿಗೆ ಇಳಿಯದಿದ್ದರೆ, ಮೆಮೊರಿಯನ್ನು ನೇರವಾಗಿ ಓದುವ ಡಿಎಂಎಗೆ ಅದು ಕಾಣುವುದೇ ಇಲ್ಲ, ಎಷ್ಟು ಬ್ಯಾರಿಯರ್ ಹಾಕಿದರೂ. ಆಗ ಆ ಸಾಲುಗಳನ್ನು ಕ್ಲೀನ್ ಮಾಡಿ (ಮೆಮೊರಿಗೆ ಇಳಿಸಿ), ಡಿಎಸ್‌ಬಿ ಹಾಕಿ, ಆಮೇಲೆ ರಿಜಿಸ್ಟರಿಗೆ ಬರೆಯಬೇಕು. ನಿಮ್ಮ 16 ಬೈಟಿನ ಡಿಸ್ಕ್ರಿಪ್ಟರಿನ ಮಗ್ಗುಲಲ್ಲೇ ಪ್ಯಾಕೆಟ್ ಎಣಿಸುವ ವೇರಿಯೇಬಲ್ ಇದೆ. ಎರಡೂ ಒಂದೇ ಸಾಲಿನಲ್ಲಿದ್ದರೆ, ಸಾಧನದ ಉತ್ತರ ಓದಲೆಂದು ಆ ಸಾಲನ್ನು ಇನ್‌ವ್ಯಾಲಿಡೇಟ್ ಮಾಡಿದಾಗ (ಕ್ಯಾಶ್‌ನ ಪ್ರತಿಯನ್ನು ರದ್ದುಮಾಡಿದಾಗ), ಮೆಮೊರಿಗಿನ್ನೂ ಇಳಿಯದ ಎಣಿಕೆಯೂ ಕೊಚ್ಚಿಹೋಗುತ್ತದೆ. ಗೆಳೆಯರ ಎಂ4 ಬೋರ್ಡಿನಲ್ಲಿ ಇದೇ ಕೋಡ್ ಸರಿಯಾಗಿ ಓಡಿತೆಂದು ಸಾಕ್ಷಿ ಕೊಟ್ಟಿದ್ದೀರಿ. ಎಂ4 ಪ್ರೊಸೆಸರಿನೊಳಗೆ ಡೇಟಾ ಕ್ಯಾಶ್ ಇಲ್ಲ, ಹಾಗಾಗಿ ಆ ಸಾಕ್ಷಿ ನನ್ನ ಗುಮಾನಿಯನ್ನೇ ಬಲಪಡಿಸುತ್ತದೆ. ಡಿಲೇ ಲೂಪ್ ದೋಷವನ್ನು ಮರೆಮಾಡಿತೇ ಹೊರತು ತೆಗೆಯಲಿಲ್ಲ. ಆಪ್ಟಿಮೈಸೇಶನ್ ಏರಿಸಿದರೆ ಖಾಲಿ ಲೂಪನ್ನು ಕಂಪೈಲರು ಕಿತ್ತೊಗೆಯಲೂ ಬಹುದು.

ಕಂಪ್ಯೂಟರಿನ ಇತಿಹಾಸ ಹೇಳುವ ಆರಂಭದ ಪುಟಗಳು ಬೇಡ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಹೋಲಿಕೆಯನ್ನೂ ಕೈಬಿಡಿ. ತಮ್ಮದೇ ಪಥದಲ್ಲಿ ಓಡುವುದರಿಂದ ಆ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುವುದಿಲ್ಲ ಎಂದು ಬರೆದಿದ್ದೀರಿ. ನಿಲ್ದಾಣದಲ್ಲಿ ನಿಂತ ಬಸ್ಸನ್ನು ಎಕ್ಸ್‌ಪ್ರೆಸ್ ಬಸ್ಸು ದಾಟಿಹೋಗುವುದನ್ನು ಕಂಡ ಇಲ್ಲಿನ ಓದುಗ ನಕ್ಕು ಪುಟ ತಿರುವುತ್ತಾನೆ.

ಮತ್ತೆ ಬರೆಯುವಾಗ ದೋಷದಿಂದಲೇ ಶುರುಮಾಡಿ. ಡಿಲೇ ಲೂಪ್ ತೆಗೆದು, ಡೇಟಾ ಕ್ಯಾಶ್ ಆಫ್ ಮಾಡಿ ಓಡಿಸಿ. ದೋಷ ಮಾಯವಾದರೆ ಕಾರಣ ಬಹುತೇಕ ಅಲ್ಲಿದೆ. ಉಳಿದರೆ ಕಂಪೈಲರು ಹುಟ್ಟಿಸಿದ ಅಸೆಂಬ್ಲಿ ತೆಗೆಸಿ, ಡಿಸ್ಕ್ರಿಪ್ಟರಿಗೂ ರಿಜಿಸ್ಟರಿಗೂ ಬರೆಯುವ ಆ ಎರಡು ಸ್ಟೋರ್‌ಗಳು ಯಾವ ಕ್ರಮದಲ್ಲಿವೆ ನೋಡಿ. ಅಲ್ಲೂ ಸರಿಯಿದ್ದರೆ ಬ್ಯಾರಿಯರಿನ ಕಡೆ ಬನ್ನಿ. ಈ ಹುಡುಕಾಟವನ್ನೇ ಲೇಖನವಾಗಿಸಿ. ಜೊತೆಗೆ, ಡಿಸ್ಕ್ರಿಪ್ಟರ್ ಯಾವ ಮೆಮೊರಿಗೆ ಬಿದ್ದಿದೆ ಎಂದು ತೋರಿಸುವ ಲಿಂಕರ್ ಫೈಲಿನ ಭಾಗವನ್ನೂ, ಎಂಪಿಯು (ಮೆಮೊರಿಯ ಯಾವ ಭಾಗ ಯಾವ ಬಗೆಯದೆಂದು ಗೊತ್ತುಮಾಡುವ ಘಟಕ) ಹೊಂದಿಸಿದ ಕೋಡನ್ನೂ ಕಳಿಸಿ; ಅವಿಲ್ಲದೆ ನಿಮ್ಮ ಹೊಸ ತೀರ್ಮಾನವನ್ನು ನಾನು ಪರೀಕ್ಷಿಸಲಾರೆ.

ಇಂತಿ,
ಸಂಪಾದಕ